ಟೆನೆಸಿಯ ಒಂದು ಮತ, ಇಬ್ಬರು ಅಮ್ಮಂದಿರು

ಪ್ರಶ್ನೆ: ಮಗಳು ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿನ ಪಾರ್ಕೊಂದರಲ್ಲಿರುವ ಐದು ಹೆಂಗಸರ ಪ್ರತಿಮೆಯ ಫೋಟೋ ಕಳಿಸಿದ್ದಳು. ಅಮೆರಿಕದ ಹೆಂಗಸರಿಗೆ ಮತದ ಹಕ್ಕು ಪಕ್ಕಾ ಆಗಿದ್ದು ಇದೇ ಊರಲ್ಲಿ, ಅದೂ ಒಬ್ಬ ಅಮ್ಮ ಮಗನಿಗೆ ಬರೆದ ಪತ್ರದಿಂದ ಅಂತ ಹೇಳಿದಳು. ಇದು ನಿಜವೇ? ಆಗ ಹೆಂಗಸರೇ ಗುಂಪು ಕಟ್ಟಿಕೊಂಡು ಈ ಹಕ್ಕನ್ನು ವಿರೋಧಿಸಿದ್ದರಂತೆ. ತಮಗೆ ಸಿಗುವುದನ್ನು ತಾವೇ ಬೇಡ ಅನ್ನೋದು ಯಾಕೆ? ಕಪ್ಪು ಹೆಂಗಸರಿಗೂ ಆಗಲೇ ಹಕ್ಕು ಸಿಕ್ಕಿತೇ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಮಗಳು ಹೇಳಿದ್ದು ನಿಜ. ಆದರೆ ಈ ಕಥೆಯನ್ನು ಹೇಳುವವರು ಅಮ್ಮನ ಪತ್ರದಿಂದ ಶುರು ಮಾಡಿ ಅಲ್ಲೇ ಮುಗಿಸಿಬಿಡುತ್ತಾರೆ. ನನಗೆ ಅದು ಸಾಲದು. ಇದರಲ್ಲಿ ಇನ್ನೊಬ್ಬ ಅಮ್ಮನೂ ಇದ್ದಾರೆ, ಎದುರು ಪಾಳಯದಲ್ಲಿ. ಹೆಂಗಸರೇ ಯಾಕೆ ವಿರೋಧಿಸಿದರು ಅನ್ನೋ ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಆ ಅಮ್ಮನ ಮನೆ ಬಾಗಿಲನ್ನೂ ತಟ್ಟಬೇಕು.

ಮೊದಲು ಸ್ವಲ್ಪ ಹಿನ್ನೆಲೆ. ಹೆಂಗಸು ಅನ್ನೋ ಕಾರಣಕ್ಕೆ ಯಾರಿಗೂ ಮತದ ಹಕ್ಕು ತಪ್ಪಿಸಬಾರದು ಅನ್ನುವ ತಿದ್ದುಪಡಿ ಅಮೆರಿಕದ ಸಂಸತ್ತಿಗೆ ಮೊದಲು ಬಂದಿದ್ದು 1878ರಲ್ಲಿ. ಅದು ಪಾಸಾಗಿದ್ದು 1919ರ ಜೂನ್‌ನಲ್ಲಿ. ಲೆಕ್ಕ ಹಾಕಿ, 41 ವರ್ಷ. ಪಾಸಾದರೂ ಕೆಲಸ ಮುಗಿಯಲಿಲ್ಲ. ಅಲ್ಲಿ ಸಂವಿಧಾನ ತಿದ್ದಬೇಕಾದರೆ ನಾಲ್ಕರಲ್ಲಿ ಮೂರು ಭಾಗ ರಾಜ್ಯಗಳು ಒಪ್ಪಬೇಕು. ಆಗ ಇದ್ದದ್ದು 48 ರಾಜ್ಯ. ಅಂದರೆ 36 ರಾಜ್ಯಗಳ ಶಾಸನಸಭೆಗಳು ಹೂಂ ಅನ್ನಬೇಕು. 1920ರ ಮಾರ್ಚ್ ಹೊತ್ತಿಗೆ 35 ಆಗಿತ್ತು. ಆಮೇಲೆ ಗಾಡಿ ನಿಂತುಬಿಟ್ಟಿತು. ಡೆಲವೇರ್ ಕೈಕೊಟ್ಟಿತು. ಕನೆಕ್ಟಿಕಟ್ ಮತ್ತು ವರ್ಮಾಂಟ್‌ನ ಗವರ್ನರ್‌ಗಳು ವಿಶೇಷ ಅಧಿವೇಶನವನ್ನೇ ಕರೆಯಲಿಲ್ಲ. ದಕ್ಷಿಣದ ರಾಜ್ಯಗಳಂತೂ ಸಾಲು ಸಾಲಾಗಿ ತಿರಸ್ಕರಿಸಿದ್ದವು. ಜಾರ್ಜಿಯಾ, ಅಲಬಾಮಾ, ದಕ್ಷಿಣ ಕೆರೊಲಿನಾ, ವರ್ಜೀನಿಯಾ, ಮಿಸಿಸಿಪ್ಪಿ, ಲೂಸಿಯಾನಾ. ಕೊನೆಗೆ ಉಳಿದ ಒಂದೇ ಆಸೆ ಟೆನೆಸಿ. ಅಧ್ಯಕ್ಷ ವುಡ್ರೋ ವಿಲ್ಸನ್ ತಂತಿ ಕಳಿಸಿ ಒತ್ತಾಯ ಮಾಡಿದರು. ಗವರ್ನರ್ ಆಲ್ಬರ್ಟ್ ರಾಬರ್ಟ್ಸ್ ಆಗಸ್ಟ್ 9ಕ್ಕೆ ವಿಶೇಷ ಅಧಿವೇಶನ ಕರೆದರು.

ಊರಲ್ಲಿ ಶಾಸನಸಭೆಯ ಬೆಟ್ಟದ ಕೆಳಗೆ ಹರ್ಮಿಟೇಜ್ ಅನ್ನುವ ಹೋಟೆಲ್ ಇದೆ. ಈಗಲೂ ಇದೆ, ಮಗಳಿಗೆ ಒಮ್ಮೆ ಹೋಗಿ ನೋಡೋಕೆ ಹೇಳಿ. 1920ರ ಆ ಬೇಸಿಗೆಯಲ್ಲಿ ಎರಡೂ ಕಡೆಯವರು ಬಿಡಾರ ಹೂಡಿದ್ದು ಇಲ್ಲೇ. ಹಕ್ಕು ಬೇಕು ಅನ್ನೋರ ರಾಷ್ಟ್ರೀಯ ನಾಯಕಿ ಕ್ಯಾರಿ ಚಾಪ್‌ಮನ್ ಕ್ಯಾಟ್ ಜುಲೈನಲ್ಲೇ ಬಂದು ಇಲ್ಲಿ ಇಳಿದರು. ಬೇಡ ಅನ್ನೋರ ನಾಯಕಿ ಜೋಸೆಫೀನ್ ಪಿಯರ್ಸನ್ ಕೂಡ ಅದೇ ಹೋಟೆಲ್ಲಿಗೆ ಬಂದು, ಇದ್ದದ್ದರಲ್ಲಿ ಕಡಿಮೆ ಬಾಡಿಗೆಯ ಕೋಣೆ ಹಿಡಿದರು. ಒಂದೇ ಲಿಫ್ಟು, ಒಂದೇ ಮೊಗಸಾಲೆ. ಹಕ್ಕಿನ ಪರ ಇದ್ದವರ ಎದೆಯ ಮೇಲೆ ಹಳದಿ ಗುಲಾಬಿ, ವಿರೋಧಿಗಳದ್ದು ಕೆಂಪು ಗುಲಾಬಿ. ಶಾಸಕರ ಕೋಟಿನ ಹೂವಿನ ಬಣ್ಣ ನೋಡಿ ಜನ ಮತ ಎಣಿಸುತ್ತಿದ್ದರು.

ಈ ಜೋಸೆಫೀನ್ ಪಿಯರ್ಸನ್ ಯಾರು ಅಂತ ನೋಡೋಣ. ಬೆಟ್ಟದ ಮೇಲಿನ ಮಾಂಟೀಗಲ್ ಅನ್ನುವ ಚಿಕ್ಕ ಊರಿನವರು. ಓದು ಬರಹ ಇಲ್ಲದವರಲ್ಲ. ಮಿಸೂರಿಯ ಒಂದು ಮಹಿಳಾ ಕಾಲೇಜಿನಲ್ಲಿ ಡೀನ್ ಆಗಿದ್ದವರು. ಮದುವೆ ಆಗಲಿಲ್ಲ, ಸ್ವಂತ ದುಡಿಮೆ ಮೇಲೆ ಬದುಕಿದವರು. ಹೆಂಗಸು ಮನೆಯೊಳಗೇ ಇರಬೇಕು ಅಂತ ಊರೂರು ಸುತ್ತಿ ಭಾಷಣ ಮಾಡಿದ್ದು ಇವರು. 1915ರಲ್ಲಿ ಅವರ ತಾಯಿ ಅಮಾಂಡಾ ಸಾಯುವ ಹೊತ್ತಿನಲ್ಲಿ ಮಗಳಿಂದ ಮಾತು ತೆಗೆದುಕೊಂಡರು. ಈ ತಿದ್ದುಪಡಿ ಟೆನೆಸಿಗೆ ಬಂದರೆ ನೀನು ವಿರೋಧಕ್ಕೆ ನಿಲ್ಲಬೇಕು ಅಂತ. ಮಗಳು ಒಪ್ಪಿದರು. ಎರಡು ವರ್ಷದ ಮೇಲೆ ರಾಜ್ಯದ ವಿರೋಧಿ ಸಂಘದ ಅಧ್ಯಕ್ಷರಾದರು. 1920ರಲ್ಲಿ ನ್ಯಾಶ್‌ವಿಲ್‌ಗೆ ಬಾ ಅಂತ ಕರೆ ಬಂದಾಗ ಸಾಮಾನು ಕಟ್ಟಿಕೊಂಡು ಹೊರಟೇಬಿಟ್ಟರು. ತಾಯಿಗೆ ಕೊಟ್ಟ ಮಾತು ಅದು.

ಇವರನ್ನು ದಡ್ಡರು ಅಂತಲೋ, ಗಂಡಸರ ಕೈಗೊಂಬೆ ಅಂತಲೋ ತಳ್ಳಿಹಾಕೋದು ಸುಲಭ. ನಾನು ಇತಿಹಾಸದ ಪಾಠ ಮಾಡುವಾಗ ವಿದ್ಯಾರ್ಥಿಗಳೂ ಮೊದಲು ಹಾಗೇ ಅನ್ನುತ್ತಾರೆ. ಆದರೆ ಅವರ ಕರಪತ್ರಗಳನ್ನು ಸಮಾಧಾನವಾಗಿ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅವರಿಗೆ ಇದ್ದ ಭಯಗಳು ಖಚಿತವಾದ ಭಯಗಳು. ಏನು ಕಳೆದುಕೊಳ್ಳುತ್ತೇವೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೇಲ್ನೋಟಕ್ಕೆ ಕಾಣುವ ವಾದಗಳು ಇವು. ಚುನಾವಣೆ ಕೊಳಕು ಕೆಲಸ, ಅದಕ್ಕೆ ಇಳಿದರೆ ಹೆಂಗಸಿನ ಗೌರವ ಹೋಗುತ್ತದೆ. ಮನೆಯಲ್ಲಿ ಜಗಳ ಹುಟ್ಟುತ್ತದೆ. ಯುದ್ಧಕ್ಕೆ ಹೋಗದವರಿಗೆ ಮತ ಯಾಕೆ? ಬೈಬಲ್ ಇದನ್ನು ಒಪ್ಪುವುದಿಲ್ಲ. ಈ ಕೊನೆಯದಕ್ಕೆ ಅವರ ಬಳಿ ಒಂದು ಆಯುಧವೂ ಇತ್ತು. ಹಳೆಯ ಹೋರಾಟಗಾರ್ತಿ ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಬೈಬಲ್ಲನ್ನು ಹೆಂಗಸಿನ ಕಣ್ಣಿನಿಂದ ಟೀಕಿಸಿ ಒಂದು ಪುಸ್ತಕ ತಂದಿದ್ದರು. ಪಿಯರ್ಸನ್ ಅದನ್ನು ಹೋಟೆಲ್ಲಿನಲ್ಲಿ ಪ್ರದರ್ಶನಕ್ಕೇ ಇಟ್ಟರು. ನೋಡಿ, ಇವರು ದೇವರ ವಿರೋಧಿಗಳು ಅಂತ. ಚರ್ಚಿನ ಊರಿನ ಶಾಸಕರಿಗೆ ಇದು ತಾಗುವ ಮಾತು.

ಇನ್ನು ನ್ಯಾಶ್‌ವಿಲ್‌ನ ಹೆಸರಾಂತ ವಕೀಲ ಜಾನ್ ವರ್ಟ್ರೀಸ್. ಟೆನೆಸಿಯ ಗಂಡಸರಿಗೆ ಅಂತಲೇ 1916ರಲ್ಲಿ ಒಂದು ಕಿರುಪುಸ್ತಕ ಬರೆದರು. ಅವರ ವಾದದ ತಿರುಳು ಇಷ್ಟು: ಹೆಂಗಸರಿಗೆ ಏನು ಬೇಕು ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ, ಅವರಿಗೆ ಏನು ಇರಬೇಕು ಅನ್ನೋದೇ ಪ್ರಶ್ನೆ. ರಾಜ್ಯದ ವಿರೋಧಿ ಸಂಘಕ್ಕೆ ಮೊದಲ ಅಧ್ಯಕ್ಷೆ ಇವರ ಹೆಂಡತಿ ವರ್ಜೀನಿಯಾ. 1919ರಲ್ಲಿ ಟೆನೆಸಿ ಹೆಂಗಸರಿಗೆ ಅರ್ಧ ಹಕ್ಕು ಕೊಟ್ಟಿತು, ಪಟ್ಟಣದ ಚುನಾವಣೆಗೆ ಮತ್ತು ಅಧ್ಯಕ್ಷರ ಚುನಾವಣೆಗೆ ಮಾತ್ರ. ವರ್ಟ್ರೀಸ್ ಅದರ ವಿರುದ್ಧವೂ ಕೋರ್ಟಿಗೆ ಹೋದರು. ರಾಜ್ಯದ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು.

ಈ ವಾದಗಳ ಹಿಂದೆ ದುಡ್ಡಿನ ಭಯವೂ ಇತ್ತು. ದಕ್ಷಿಣದ ಹತ್ತಿ ಗಿರಣಿಗಳಲ್ಲಿ ಚಿಕ್ಕ ಮಕ್ಕಳು ದುಡಿಯುತ್ತಿದ್ದ ಕಾಲ ಅದು. ಮಹಿಳಾ ಸಂಘಗಳು ಬಾಲಕಾರ್ಮಿಕರ ವಿಷಯ ಎತ್ತಿಕೊಂಡಿದ್ದವು. ಇವರ ಕೈಗೆ ಮತ ಬಂದರೆ ಮೊದಲು ಬೀಳೋದು ತಮ್ಮ ಮೇಲೆ ಅಂತ ಗಿರಣಿ ಮಾಲೀಕರಿಗೆ ಗೊತ್ತಿತ್ತು. ರೈಲ್ವೆ ಕಂಪನಿಗಳಿಗೂ, ಹೆಂಡದ ವ್ಯಾಪಾರಿಗಳಿಗೂ ಇದೇ ಚಿಂತೆ. ಆಗ ದೇಶದಲ್ಲೆಲ್ಲ ಪಾನನಿಷೇಧ. ಆದರೂ ಹರ್ಮಿಟೇಜ್‌ನ ಎಂಟನೇ ಮಹಡಿಯ ಕೋಣೆಯೊಂದರಲ್ಲಿ ಶಾಸಕರಿಗೆ ವಿಸ್ಕಿ ಹರಿಯುತ್ತಿತ್ತು. ಆ ಕೋಣೆಗೆ ಜ್ಯಾಕ್ ಡೇನಿಯಲ್ಸ್ ಸೂಟ್ ಅಂತಲೇ ಹೆಸರು ಬಿದ್ದಿತ್ತು. ಶಾಸಕರು ತೂರಾಡುತ್ತಾ ಓಡಾಡೋದನ್ನು ಕಂಡು ಕ್ಯಾಟ್ ದಂಗಾದರು.

ಇಷ್ಟೆಲ್ಲ ಹೇಳಿದರೂ ಬೇರನ್ನು ಮುಟ್ಟಿದ ಹಾಗಾಗಲಿಲ್ಲ. ದಕ್ಷಿಣದಲ್ಲಿ ಈ ವಿರೋಧದ ಬೇರು ಇದ್ದದ್ದು ಜನಾಂಗದ ವಿಷಯದಲ್ಲಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ, 1870ರ 15ನೇ ತಿದ್ದುಪಡಿ ಕಪ್ಪು ಗಂಡಸರಿಗೆ ಮತ ಕೊಟ್ಟಿತು. ಕೆಲವು ವರ್ಷ ಅವರು ಮತ ಹಾಕಿದರು, ಗೆದ್ದರು, ಶಾಸನಸಭೆಗಳಲ್ಲಿ ಕೂತರು. ಆಮೇಲೆ ಬಿಳಿಯರು ಒಂದೊಂದೇ ಗೋಡೆ ಎಬ್ಬಿಸಿದರು. ತಲೆಗಂದಾಯ ಕಟ್ಟಿದರೆ ಮಾತ್ರ ಮತ, ಓದು ಬರಹದ ಪರೀಕ್ಷೆ ಪಾಸಾದರೆ ಮಾತ್ರ ಮತ, ಇದಕ್ಕೂ ಬಗ್ಗದವರಿಗೆ ಬೆದರಿಕೆ, ಕೊಲೆ. ಹೀಗೆ ಮುಚ್ಚಿದ ಬಾಗಿಲನ್ನು ಹೊಸ ತಿದ್ದುಪಡಿ ಮತ್ತೆ ತೆರೆಯುತ್ತದೆ ಅನ್ನೋದು ಅವರ ಹೆದರಿಕೆ. ಕಪ್ಪು ಹೆಂಗಸರು ಮತಗಟ್ಟೆಗೆ ಬಂದರೆ ಕೇಂದ್ರ ಸರ್ಕಾರ ಅವರ ಬೆನ್ನಿಗೆ ನಿಲ್ಲಬಹುದು. ಆಗ ಹಿಂದೆಯೇ ಗಂಡಸರೂ ಬರುತ್ತಾರೆ. ದಕ್ಷಿಣದ ಗಂಡಸರೇ ಎಚ್ಚರ, ಇದು ಕಪ್ಪು ಜನರ ಮತದ ಪ್ರಶ್ನೆಯನ್ನು ಪೂರ್ತಿ ಮತ್ತೆ ತೆರೆಯುತ್ತದೆ ಅಂತ ಅವರ ಕರಪತ್ರಗಳು ನೇರವಾಗಿಯೇ ಸಾರುತ್ತಿದ್ದವು. ಮುಚ್ಚುಮರೆ ಏನೂ ಇರಲಿಲ್ಲ.

ಹರ್ಮಿಟೇಜ್‌ನಲ್ಲಿದ್ದ ವಿರೋಧಿಗಳ ಕಚೇರಿಯ ಹಳೆಯ ಫೋಟೋ ಒಂದಿದೆ. ಪಿಯರ್ಸನ್ ನಿಂತಿದ್ದಾರೆ. ಜೊತೆಯಲ್ಲಿ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ರಾಜ್ಯಗಳ ಪರ ಹೋರಾಡಿದ್ದ ಒಬ್ಬ ಮುದುಕ ಸೈನಿಕ, ಮತ್ತೆ ಆ ಪಕ್ಷದ ಬಾವುಟ. ಇದೇ ಫೋಟೋವನ್ನು ನಾನು ತರಗತಿಯಲ್ಲಿ ಜಾಸ್ತಿ ಹೊತ್ತು ತೋರಿಸುತ್ತೇನೆ. ಆ ಹೆಂಗಸರ ಲೆಕ್ಕದಲ್ಲಿ ಅವರು ತಮ್ಮ ಹಕ್ಕನ್ನು ತಾವೇ ತಿರಸ್ಕರಿಸುತ್ತಿರಲಿಲ್ಲ. ಬಿಳಿಯ ಮನೆತನದ ಹೆಂಗಸಾಗಿ ತಮಗೆ ಇದ್ದ ಜಾಗವನ್ನು ಕಾಪಾಡಿಕೊಳ್ಳುತ್ತಿದ್ದರು. ಆ ಜಾಗ ಗಂಡಸಿಗಿಂತ ಕೆಳಗಿತ್ತು, ನಿಜ. ಆದರೆ ಬೇರೆ ಎಷ್ಟೋ ಜನರಿಗಿಂತ ಮೇಲಿತ್ತು. ಮತದ ಚೀಟಿ ಕೈಗೆ ಬಂದು ಆ ಮೇಲು ಕೀಳು ಅಲ್ಲಾಡುವುದಾದರೆ, ಚೀಟಿಯೇ ಬೇಡ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಜಾತಿಯ ಏಣಿ ನೋಡಿ ಬೆಳೆದ ನಮಗೆ ಇದು ಅರ್ಥವಾಗದ ಮಾತೇನಲ್ಲ, ಅಲ್ವಾ?

ಇನ್ನೊಂದು ಮಾತು ಕೇಳಿದರೆ ನಿಮಗೆ ಇನ್ನೂ ಆಶ್ಚರ್ಯ ಆಗಬಹುದು. ಮತದ ಹಕ್ಕಿಗಾಗಿ ಜೀವಮಾನವೆಲ್ಲ ಹೋರಾಡಿದ ಇಬ್ಬರು ಹೆಂಗಸರು ಆ ಆಗಸ್ಟಿನಲ್ಲಿ ನ್ಯಾಶ್‌ವಿಲ್‌ಗೆ ಬಂದು ತಿದ್ದುಪಡಿಯ ವಿರುದ್ಧ ಕೆಲಸ ಮಾಡಿದರು. ಕೆಂಟಕಿಯ ಲಾರಾ ಕ್ಲೇ ಮತ್ತು ಲೂಸಿಯಾನಾದ ಕೇಟ್ ಗಾರ್ಡನ್. ಹಕ್ಕು ಬೇಕು, ಆದರೆ ಅದನ್ನು ಆಯಾ ರಾಜ್ಯವೇ ಕೊಡಲಿ, ವಾಷಿಂಗ್ಟನ್ ಕೊಡೋದು ಬೇಡ ಅನ್ನೋದು ಅವರ ವಾದ. ರಾಜ್ಯವೇ ಕೊಟ್ಟರೆ ಬಿಳಿಯ ಹೆಂಗಸರಿಗೆ ಮಾತ್ರ ಸಿಗುವ ಹಾಗೆ ನೋಡಿಕೊಳ್ಳಬಹುದು. ಗಾರ್ಡನ್ ಅಂತೂ ಇದನ್ನು ಬಾಯಿಬಿಟ್ಟೇ ಹೇಳುತ್ತಿದ್ದರು.

ಹೋಗಲಿ, ಗೆದ್ದ ಕಡೆಯವರು ಶುದ್ಧರಾಗಿದ್ದರೇ? ಇಲ್ಲ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ, ಯಾಕೆಂದರೆ ಕ್ಯಾರಿ ಕ್ಯಾಟ್ ಬಗ್ಗೆ ನನಗೆ ದೊಡ್ಡ ಗೌರವ ಇದೆ. ದಶಕಗಳ ಕಾಲ ಸಂಘಟನೆ ಕಟ್ಟಿದವರು. 1911–12ರಲ್ಲಿ ಲೋಕ ಸುತ್ತುವಾಗ ಇಂಡಿಯಾಕ್ಕೂ ಬಂದುಹೋದವರು. ಆದರೆ ದಕ್ಷಿಣದವರನ್ನು ಒಲಿಸೋಕೆ ಹೋಗಿ, ಹೆಂಗಸರಿಗೆ ಮತ ಕೊಟ್ಟರೆ ಬಿಳಿಯರ ಮೇಲುಗೈ ಬಲವಾಗುತ್ತದೆಯೇ ಹೊರತು ಕುಗ್ಗುವುದಿಲ್ಲ ಅಂತ 1917ರಲ್ಲಿ ಅವರೇ ಬರೆದರು. ಬಿಳಿಯ ಹೆಂಗಸರ ಸಂಖ್ಯೆಯೇ ಜಾಸ್ತಿ ಇದೆಯಲ್ಲ ಅನ್ನುವ ಲೆಕ್ಕ. ಅದಕ್ಕೂ ಮೊದಲು, 1913ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಕಪ್ಪು ಹೆಂಗಸರು ಹಿಂದೆ ನಡೆಯಲಿ ಅಂತ ಸಂಘಟಕರು ಹೇಳಿದ್ದರು. ಕಪ್ಪು ಪತ್ರಕರ್ತೆ ಇಡಾ ಬಿ. ವೆಲ್ಸ್ ಆ ಮಾತು ಕೇಳಲಿಲ್ಲ. ನಡುವೆ ಬಂದು ತಮ್ಮ ಇಲಿನಾಯ್ ರಾಜ್ಯದ ತಂಡವನ್ನೇ ಸೇರಿಕೊಂಡರು. ಇವರಿಗೂ ಟೆನೆಸಿಗೂ ನಂಟಿದೆ. ಮೆಂಫಿಸ್‌ನಲ್ಲಿ ಪತ್ರಿಕೆ ನಡೆಸುತ್ತಿದ್ದರು. ಗುಂಪು ಕೊಲೆಗಳ ವಿರುದ್ಧ ಬರೆದದ್ದಕ್ಕೆ 1892ರಲ್ಲಿ ಅವರ ಪತ್ರಿಕೆಯ ಕಚೇರಿಯನ್ನು ಪುಡಿ ಮಾಡಿ, ಊರಿಗೆ ಕಾಲಿಡದ ಹಾಗೆ ಮಾಡಿದ್ದರು.

ಈಗ ಟೆನೆಸಿಯ ಹೋರಾಟಗಾರ್ತಿಯರ ಕಡೆ ಬರೋಣ. ಪತ್ರದ ಕಥೆ ಹೇಳುವವರು ಇವರನ್ನು ಮರೆತುಬಿಡುತ್ತಾರೆ. ಮೆಂಫಿಸ್‌ನಲ್ಲಿ ಮೊದಲ ಸಂಘ ಹುಟ್ಟಿದ್ದು 1889ರಲ್ಲಿ. ನ್ಯಾಶ್‌ವಿಲ್‌ನಲ್ಲಿ 1911ರಲ್ಲಿ. ಅಲ್ಲಿನ ನಾಯಕಿ ಆ್ಯನ್ ಡಲಾಸ್ ಡಡ್ಲಿ, ಶ್ರೀಮಂತ ಮನೆಯವರು. ಮತ ಕೇಳುವ ಹೆಂಗಸರು ಗಂಡುಬೀರಿಗಳು, ಮನೆ ಮಕ್ಕಳನ್ನು ಬಿಟ್ಟು ಬೀದಿಗೆ ಬಿದ್ದವರು ಅನ್ನೋ ಮಾತು ಆಗ ಎಲ್ಲ ಕಡೆ. ಡಡ್ಲಿ ತಮ್ಮ ಇಬ್ಬರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಸ್ತಕ ಓದಿ ಹೇಳುತ್ತಿರುವ ಫೋಟೋವನ್ನು ಎಲ್ಲ ಕಡೆ ಹಂಚಿಸಿದರು. ವಾದಕ್ಕಿಂತ ಆ ಚಿತ್ರ ಜಾಸ್ತಿ ಕೆಲಸ ಮಾಡಿತು. 1914ರ ಮೇ ತಿಂಗಳಲ್ಲಿ ಊರ ನಡುವಿನಿಂದ ಸೆಂಟೆನಿಯಲ್ ಪಾರ್ಕಿನವರೆಗೆ ಮೆರವಣಿಗೆ ತೆಗೆದರು. ನಿಮ್ಮ ಮಗಳು ಫೋಟೋ ತೆಗೆದದ್ದು ಅದೇ ಪಾರ್ಕು. ಆಯುಧ ಹಿಡಿಯುವವರಿಗೆ ಮಾತ್ರ ಮತ ಅಂದವರಿಗೆ, ಆ ಸೈನ್ಯಗಳನ್ನು ಹೆತ್ತವರು ನಾವು ಅಂತ ಉತ್ತರ ಕೊಟ್ಟವರು ಇವರೇ.

ಒಳಜಗಳವೂ ಇತ್ತು ಅನ್ನೋದನ್ನು ಮುಚ್ಚಿಡಬೇಕಾಗಿಲ್ಲ. 1914ರ ರಾಷ್ಟ್ರೀಯ ಸಮ್ಮೇಳನ ನ್ಯಾಶ್‌ವಿಲ್‌ನಲ್ಲೋ ಚಟನೂಗಾದಲ್ಲೋ ಅನ್ನೋ ಜಗಳಕ್ಕೆ ರಾಜ್ಯ ಸಂಘವೇ ಎರಡು ಹೋಳಾಯಿತು. ಮತ್ತೆ ಒಂದಾಗೋಕೆ 1918 ಬರಬೇಕಾಯಿತು. ಇದರ ಹೊರಗೆ ಇನ್ನೊಂದು ಬಿಸಿರಕ್ತದ ಗುಂಪು, ರಾಷ್ಟ್ರೀಯ ಮಹಿಳಾ ಪಕ್ಷ. ಅದರಲ್ಲಿದ್ದವರು ಪಶ್ಚಿಮ ಟೆನೆಸಿಯ ಸ್ಯೂ ಶೆಲ್ಟನ್ ವೈಟ್. ಕೋರ್ಟಿನಲ್ಲಿ ಹೇಳಿಕೆ ಬರೆದುಕೊಳ್ಳುವ ಕೆಲಸ ಮಾಡುತ್ತಿದ್ದವರು. 1919ರ ಫೆಬ್ರವರಿಯಲ್ಲಿ ಶ್ವೇತಭವನದ ಮುಂದೆ ಅಧ್ಯಕ್ಷ ವಿಲ್ಸನ್‌ರ ಪ್ರತಿಕೃತಿ ಸುಟ್ಟು ಐದು ದಿನ ಜೈಲಲ್ಲಿದ್ದರು. ಅದೇ ವೈಟ್ 1920ರಲ್ಲಿ ನ್ಯಾಶ್‌ವಿಲ್‌ನಲ್ಲಿ ತಮ್ಮ ಪಕ್ಷದ ಕೆಲಸದ ಮುಂದಾಳು. ಶಾಸಕರನ್ನು ಅವರವರ ಊರಿನಲ್ಲೇ ಹಿಡಿದು ಮಾತಾಡಿಸುವುದು, ಯಾರು ನಮ್ಮವರು, ಯಾರು ಅನುಮಾನ ಅಂತ ಪಟ್ಟಿ ಮಾಡುವುದು, ನಿನ್ನೆ ಮಾತು ಕೊಟ್ಟವನು ಇವತ್ತು ತಿರುಗಿಬಿದ್ದರೆ ಮತ್ತೆ ಹೋಗುವುದು. ಸೆಕೆಗಾಲದಲ್ಲಿ, ಕೆಟ್ಟ ರಸ್ತೆಗಳಲ್ಲಿ ಈ ಕೆಲಸ ನಡೆಯಿತು.

ಆಗಸ್ಟ್ 13ಕ್ಕೆ ರಾಜ್ಯದ ಸೆನೆಟ್ 25–4ರಲ್ಲಿ ಸುಲಭವಾಗಿ ಒಪ್ಪಿತು. ಕಷ್ಟ ಇದ್ದದ್ದು ಕೆಳಮನೆಯಲ್ಲಿ. ಸ್ಪೀಕರ್ ಸೆತ್ ವಾಕರ್ ಮೊದಲು ಪರವಾಗಿದ್ದವರು ತಿರುಗಿಬಿದ್ದರು. ನೆರೆಯ ಉತ್ತರ ಕೆರೊಲಿನಾದ 63 ಶಾಸಕರು, ನೀವೂ ತಿರಸ್ಕರಿಸಿ ಅಂತ ತಂತಿ ಕಳಿಸಿದರು. ಹಕ್ಕಿನ ಪರ ಸದನದಲ್ಲಿ ಮುಂದೆ ನಿಂತವರು ಮೆಂಫಿಸ್‌ನ ಜೋ ಹ್ಯಾನೋವರ್. ಯಹೂದಿ ಮನೆಯವರು, ಚಿಕ್ಕಂದಿನಲ್ಲೇ ಪೋಲೆಂಡಿನಿಂದ ವಲಸೆ ಬಂದವರು. ಅವರಿಗೆ ಎಷ್ಟು ಬೆದರಿಕೆ ಬಂತು ಅಂದರೆ ಗವರ್ನರ್ ಕಾವಲಿಗೆ ಜನ ಕೊಡಬೇಕಾಯಿತು.

ಆಗಸ್ಟ್ 18, ಬುಧವಾರ. ಗ್ಯಾಲರಿ ತುಂಬಾ ಜನ. 99 ಜನರ ಸದನದಲ್ಲಿ 96 ಜನ ಹಾಜರು. ಕೆಂಪು ಗುಲಾಬಿ ಎಣಿಸಿದರೆ ತಿದ್ದುಪಡಿ ಸೋಲೋದು ಖಂಡಿತ. ವಾಕರ್ ಸ್ಪೀಕರ್ ಪೀಠದಿಂದ ಇಳಿದು ಬಂದು, ವಿಷಯವನ್ನು ಬದಿಗಿಡೋಣ ಅಂತ ಸೂಚನೆ ಮಂಡಿಸಿದರು. ಹಾಗೆ ಬದಿಗಿಟ್ಟರೆ ಸತ್ತ ಹಾಗೇ. ಎಣಿಸಿದರೆ 48–48. ಗಿಬ್ಸನ್ ಕೌಂಟಿಯ ಬ್ಯಾಂಕ್ಸ್ ಟರ್ನರ್, ವಿರೋಧಿಗಳ ಲೆಕ್ಕದಲ್ಲಿದ್ದವರು, ಆ ಕಡೆ ಹೋಗಿರಲಿಲ್ಲ. ವಾಕರ್ ಮತ್ತೆ ಎಣಿಸಲು ಹೇಳಿದರು. ಈ ಸಲ ಟರ್ನರ್ ಪಕ್ಕದಲ್ಲೇ ಕೂತು, ಹೆಗಲ ಮೇಲೆ ಕೈ ಹಾಕಿ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದರು. ಮತ್ತೆ 48–48. ಸಮ ಬಂದರೆ ಸೂಚನೆ ಬೀಳುತ್ತದೆ. ಸರಿ, ಹಾಗಾದರೆ ತಿದ್ದುಪಡಿಯನ್ನೇ ಮತಕ್ಕೆ ಹಾಕಿ ಅಂದರು ವಾಕರ್. ಅಲ್ಲೂ 48–48 ಬಂದರೆ ತಿದ್ದುಪಡಿಯೇ ಬಿದ್ದುಹೋಗುತ್ತದೆ. ಅವರ ಲೆಕ್ಕ ಸರಿಯಾಗೇ ಇತ್ತು.

ಹಾಜರಿ ಕೂಗುವುದು ಅಕ್ಷರ ಕ್ರಮದಲ್ಲಿ. ಶುರುವಿನಲ್ಲೇ ಬಂದ ಹೆಸರು ಹ್ಯಾರಿ ಬರ್ನ್. ಮೆಕ್‌ಮಿನ್ ಕೌಂಟಿಯ ನಯೋಟಾ ಊರಿನವನು, 24 ವರ್ಷ, ಇಡೀ ಸದನದಲ್ಲಿ ಎಲ್ಲರಿಗಿಂತ ಚಿಕ್ಕವನು. ಎದೆಯ ಮೇಲೆ ಕೆಂಪು ಗುಲಾಬಿ. ಎರಡು ಸಲವೂ ಬದಿಗಿಡುವ ಕಡೆಗೇ ಮತ ಹಾಕಿದ್ದ. ಈ ಸಲ ಅವನ ಬಾಯಿಂದ ಬಂದದ್ದು "ಆಯ್". ಅಂದರೆ ಒಪ್ಪಿಗೆ. ಎಷ್ಟು ಸರಕ್ಕನೆ ಹೇಳಿದ ಅಂದರೆ ಜನಕ್ಕೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

ಅವನ ಕೋಟಿನ ಜೇಬಿನಲ್ಲಿ ತಾಯಿಯ ಪತ್ರ ಇತ್ತು. ತಾಯಿ ಫೆಬ್ ಎನ್ಸ್‌ಮಿಂಗರ್ ಬರ್ನ್, ಗಂಡ ತೀರಿಕೊಂಡ ಮೇಲೆ ಹೊಲಮನೆ ನೋಡಿಕೊಂಡಿದ್ದ ಹೆಂಗಸು. ಪತ್ರಿಕೆಗಳನ್ನು ಬಿಡದೆ ಓದುವವರು. ಪತ್ರ ಏಳು ಪುಟ. ಜಾಸ್ತಿ ಭಾಗ ಮನೆ ಸುದ್ದಿ, ಊರ ಸುದ್ದಿ. ಅದರ ನಡುನಡುವೆ ಈ ಮಾತು: ಹೆಂಗಸರ ಮತಕ್ಕೆ ನಿನ್ನ ಮತ ಹಾಕು, ಅವರನ್ನು ಅನುಮಾನದಲ್ಲಿ ಇಡಬೇಡ. ವಿರೋಧದ ಭಾಷಣ ಕೆಲವು ಓದಿದೆ, ತುಂಬಾ ಕಹಿಯಾಗಿದ್ದವು. ನೀನು ಯಾವ ಕಡೆ ಅಂತ ಪತ್ರಿಕೆಯಲ್ಲಿ ನೋಡುತ್ತಲೇ ಇದ್ದೇನೆ, ಇನ್ನೂ ಏನೂ ಕಂಡಿಲ್ಲ. ಕೊನೆಗೆ, ಒಳ್ಳೆ ಹುಡುಗನಾಗಿರು, ಮಿಸೆಸ್ ಕ್ಯಾಟ್‌ಗೆ ಸಹಾಯ ಮಾಡು ಅಂತ. ಅಲ್ಲಿ ಒಂದು ಶಬ್ದದಾಟವೂ ಇದೆ. ಅನುಮೋದನೆಗೆ ಅವರಲ್ಲಿ ರ‍್ಯಾಟಿಫಿಕೇಶನ್ ಅನ್ನುತ್ತಾರೆ. ಕ್ಯಾಟ್ ಜೊತೆ ರ‍್ಯಾಟ್ ಸೇರಿಸಿ, ಬೆಕ್ಕು ಇಲಿ ಮಾಡಿದ್ದರು ಆ ತಾಯಿ. ಅಧಿಕಾರದ ಗಾಳಿಯೇ ಇಲ್ಲದ, ಅಡುಗೆಮನೆಯ ಮೇಜಿನ ಮಾತಿನ ಹಾಗಿರುವ ಈ ಪತ್ರವನ್ನು ಓದುವಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಆದರೆ ಗಮನಿಸಿ, ಹ್ಯಾರಿಯ ಮತ ಒಂದರಿಂದಲೇ ಆಗಲಿಲ್ಲ. ಟರ್ನರ್ ಎರಡು ಸಲ ಒತ್ತಡಕ್ಕೆ ಬಗ್ಗದೆ ನಿಂತದ್ದಕ್ಕೇ ವಿಷಯ ಮತದವರೆಗೆ ಬಂತು. ಮುಖ್ಯ ಮತದಲ್ಲೂ ಅವರು ಒಪ್ಪಿಗೆ ಎಂದರು. ಅವರಿಗೆ ಯಾವ ಅಮ್ಮನ ಪತ್ರವೂ ಇರಲಿಲ್ಲ, ಅದಕ್ಕೇ ಕಥೆಯಲ್ಲಿ ಹೆಸರೂ ಉಳಿಯಲಿಲ್ಲ. ಲೆಕ್ಕ 49–47. ಮರುಪರಿಶೀಲನೆ ಕೇಳುವ ಹಕ್ಕು ಗೆದ್ದ ಕಡೆಯವರಿಗೆ ಮಾತ್ರ. ಹಾಗಾಗಿ ವಾಕರ್ ತಕ್ಷಣ ತಮ್ಮ ಮತವನ್ನು ಒಪ್ಪಿಗೆಗೆ ಬದಲಿಸಿದರು. ಆಗ ಅದು 50–46 ಆಯಿತು. 99 ಜನರ ಸದನದಲ್ಲಿ 50 ಅಂದರೆ ಪೂರ್ತಿ ಬಹುಮತ. ಆ ಬಹುಮತ ಒದಗಿಸಿದ್ದು ವಿರೋಧಿಗಳ ನಾಯಕನೇ.

ಅಲ್ಲಿಂದ ಕೆಲವು ದಿನ ನಡೆದದ್ದು ನಮಗೆ ಪರಿಚಯದ ರಾಜಕೀಯ. ಹ್ಯಾರಿ ದುಡ್ಡು ತಿಂದಿದ್ದಾನೆ ಅಂತ ಆರೋಪ ಬಂತು. ಮರುದಿನ ಅವನು ಸದನದ ದಾಖಲೆಯಲ್ಲೇ ಉತ್ತರ ಬರೆಸಿದ. ಇದು ನ್ಯಾಯ ಅಂತ ನಂಬಿದ್ದೇನೆ, ತಾಯಿಯ ಮಾತು ಕೇಳೋದು ಮಗನಿಗೆ ಯಾವಾಗಲೂ ಕ್ಷೇಮ, ನನ್ನ ತಾಯಿ ಇದನ್ನು ಬಯಸಿದ್ದರು ಅಂತ. ಲೂಸಿಯಾನಾದ ಮಾಜಿ ಗವರ್ನರ್ ಹೆಂಡತಿ ನಯೋಟಾದ ಮನೆಗೇ ಹೋಗಿ, ಆ ಪತ್ರ ಸುಳ್ಳು ಅಂತ ಹೇಳಿ ಎಂದು ಫೆಬ್ ಅವರನ್ನು ಒತ್ತಾಯಿಸಿದರು. ಫೆಬ್ ತಂತಿ ಕೊಟ್ಟರು: ಇಲ್ಲಿ ಹೀಗೊಬ್ಬ ಹೆಂಗಸು ಬಂದಿದ್ದಳು, ಪತ್ರ ನನ್ನದೇ, ನನ್ನ ಮಾತಿಗೆ ಈಗಲೂ ಬದ್ಧಳಾಗಿದ್ದೇನೆ. ಇತ್ತ ಮೂವತ್ತಕ್ಕೂ ಹೆಚ್ಚು ವಿರೋಧಿ ಶಾಸಕರು ರಾತ್ರಿ ರೈಲು ಹತ್ತಿ ಅಲಬಾಮಾದ ಡೆಕೇಟರ್‌ಗೆ ಹೋಗಿ ಕೂತರು, ಕೋರಂ ಸಿಗದಿರಲಿ ಅಂತ. ರೆಸಾರ್ಟ್ ರಾಜಕೀಯ ನಮ್ಮದೇ ಕಂಡುಹಿಡಿದದ್ದಲ್ಲ. ಉಳಿದವರು ಮರುಪರಿಶೀಲನೆಯನ್ನು ಕೈಬಿಟ್ಟರು. ಆಗಸ್ಟ್ 24ಕ್ಕೆ ಗವರ್ನರ್ ಸಹಿ ಹಾಕಿ ದಾಖಲೆಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಾಷಿಂಗ್ಟನ್‌ಗೆ ಕಳಿಸಿದರು. 26ರ ಬೆಳಿಗ್ಗೆ ವಿದೇಶಾಂಗ ಕಾರ್ಯದರ್ಶಿ ಬೇನ್‌ಬ್ರಿಜ್ ಕಾಲ್ಬಿ ತಮ್ಮ ಮನೆಯಲ್ಲೇ ಸಹಿ ಮಾಡಿದರು. ಹೋರಾಡಿದ ಒಬ್ಬ ಹೆಂಗಸನ್ನೂ ಕರೆದಿರಲಿಲ್ಲ, ಒಂದು ಫೋಟೋ ಕೂಡ ಇಲ್ಲ. ಆ ನವೆಂಬರ್‌ನಲ್ಲಿ ಗವರ್ನರ್ ರಾಬರ್ಟ್ಸ್ ಸೋತರು. ಹ್ಯಾರಿ ಮತ್ತೆ ಗೆದ್ದ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಕಪ್ಪು ಹೆಂಗಸರದ್ದು. ಕಾಗದದ ಮೇಲೆ ಸಿಕ್ಕಿತು. ನ್ಯಾಶ್‌ವಿಲ್‌ನಲ್ಲಿ ಅವರು ಕಾಯುತ್ತಲೂ ಕೂರಲಿಲ್ಲ. 1919ರ ಅರ್ಧ ಹಕ್ಕು ಬಂದಾಗಲೇ, ಊರಿನ ಚುನಾವಣೆಗೆ ಸುಮಾರು 2,500 ಕಪ್ಪು ಹೆಂಗಸರನ್ನು ಸಂಘಟಿಸಿದರು. ಅದರ ಹಿಂದೆ ಇದ್ದವರು ಜೆ. ಫ್ರಾಂಕಿ ಪಿಯರ್ಸ್ ಮತ್ತು ವೈದ್ಯೆ ಮ್ಯಾಟಿ ಕೋಲ್‌ಮನ್. ಬಿಳಿಯರಲ್ಲಿ ಕ್ಯಾಥರೀನ್ ಕೆನ್ನಿ ಇವರ ಜೊತೆ ಕೈಜೋಡಿಸಿದರು. ದಕ್ಷಿಣದಲ್ಲಿ ಆಗ ಇಂಥದ್ದು ತೀರಾ ಅಪರೂಪ. ಪಿಯರ್ಸ್ ಅವರ ತಾಯಿ ಗುಲಾಮರಾಗಿ ಬದುಕಿದವರು. 1920ರ ಮೇ ತಿಂಗಳಲ್ಲಿ, ಶಾಸನಸಭೆಯ ಅದೇ ಸಭಾಂಗಣದಲ್ಲಿ ಬಿಳಿಯ ಮಹಿಳಾ ಮತದಾರರ ಸಮಾವೇಶದ ಮುಂದೆ ಪಿಯರ್ಸ್ ನಿಂತು ಮಾತಾಡಿದರು. ನಾವು ನಿಮ್ಮ ಜೊತೆ ನಿಲ್ಲುತ್ತೇವೆ, ನಾವು ಕೇಳೋದು ನ್ಯಾಯವಾದ ಪಾಲು ಅಷ್ಟೇ ಅಂದರು. ಕಪ್ಪು ಹೆಣ್ಣುಮಕ್ಕಳಿಗೆ ಒಂದು ವೃತ್ತಿಶಾಲೆ ಬೇಕು ಅಂದರು. ಆ ಶಾಲೆ 1923ರಲ್ಲಿ ನ್ಯಾಶ್‌ವಿಲ್‌ನಲ್ಲಿ ತೆರೆಯಿತು. ಅದನ್ನು ವರ್ಷಗಟ್ಟಲೆ ನಡೆಸಿದ್ದೂ ಅವರೇ.

ಆದರೆ ದಕ್ಷಿಣದ ಉಳಿದ ಕಡೆ ಹಳೆಯ ಗೋಡೆಗಳು ಹಾಗೇ ಇದ್ದವು. ಜಾರ್ಜಿಯಾ, ಮಿಸಿಸಿಪ್ಪಿಗಳು ನೋಂದಣಿಯ ಗಡುವು ಮುಗಿಯಿತು ಅಂತ 1920ರ ನವೆಂಬರ್‌ನಲ್ಲಿ ಬಿಳಿಯ ಹೆಂಗಸರಿಗೂ ಮತ ಹಾಕಲು ಬಿಡಲಿಲ್ಲ. ಟೆನೆಸಿಯಲ್ಲೇ ನೋಡಿ. ಫೇಯೆಟ್ ಕೌಂಟಿಯಲ್ಲಿ ಜನಸಂಖ್ಯೆಯಲ್ಲಿ ಕಪ್ಪು ಜನರೇ ಹೆಚ್ಚು, ಮತದಾರರ ಪಟ್ಟಿಯಲ್ಲಿ ಇದ್ದವರು ಬೆರಳೆಣಿಕೆ. 1959–60ರಲ್ಲಿ ಅವರು ಸಾಲುಗಟ್ಟಿ ಹೆಸರು ಬರೆಸಲು ಹೊರಟರು. ಬಿಳಿಯ ಜಮೀನುದಾರರು ಗೇಣಿ ಮಾಡುತ್ತಿದ್ದ ಆ ಸಂಸಾರಗಳನ್ನು ಹೊಲದಿಂದ ಎಬ್ಬಿಸಿದರು. ಅಂಗಡಿಯವರು ದಿನಸಿ ಕೊಡಲಿಲ್ಲ. 1960ರ ಚಳಿಗಾಲವನ್ನು ಎಷ್ಟೋ ಕುಟುಂಬಗಳು ಒಬ್ಬ ಕಪ್ಪು ರೈತನ ಹೊಲದಲ್ಲಿ ಡೇರೆ ಹಾಕಿಕೊಂಡು ಕಳೆದವು. ಹ್ಯಾರಿ ಬರ್ನ್ "ಆಯ್" ಅಂದು ಆಗಲೇ 40 ವರ್ಷ. 1965ರ ಮತದಾನ ಹಕ್ಕು ಕಾಯ್ದೆ ಬಂದ ಮೇಲೆ ದಕ್ಷಿಣದ ಕಪ್ಪು ಹೆಂಗಸರಿಗೆ ಬಾಗಿಲು ಸರಿಯಾಗಿ ತೆರೆಯಿತು.

ಇಲ್ಲಿ ನಮ್ಮವರೊಬ್ಬರ ನೆನಪು ಬರುತ್ತದೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಮದ್ರಾಸ್ ಪ್ರಾಂತ್ಯ 1921ರಲ್ಲಿ ಆಸ್ತಿ ಇದ್ದ ಹೆಂಗಸರಿಗೆ ಮತ ಕೊಟ್ಟಿತ್ತು, ಮಂಗಳೂರು ಆಗ ಮದ್ರಾಸಿಗೆ ಸೇರಿತ್ತು. 1926ರಲ್ಲಿ ಶಾಸನಸಭೆಗೆ ನಿಂತು, ಸ್ವಲ್ಪದರಲ್ಲೇ ಸೋತರು. ಅದೇ ಕಮಲಾದೇವಿ 1941ರಲ್ಲಿ ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುವಾಗ, ಬಿಳಿಯರ ಬೋಗಿಯಿಂದ ಏಳಿ ಅಂದರು ಟಿಕೆಟ್ ತಪಾಸಣೆಯವರು. ಆಮೇಲೆ ಇವರು ಹೊರದೇಶದವರು ಅನ್ನಿಸಿ, ಯಾವ ದೇಶ ಅಂತ ಕೇಳಿದರು. ಆಗಲೂ ಕಮಲಾದೇವಿ, ನಾನೂ ಬಣ್ಣದವಳೇ, ಆದರೆ ಇಲ್ಲಿಂದ ಏಳೋದಿಲ್ಲ ಅಂದರು. ಎದ್ದೂ ಇಲ್ಲ.

ನಿಮ್ಮ ಮಗಳು ನೋಡಿದ ಪ್ರತಿಮೆ 2016ರ ಆಗಸ್ಟ್ 26ರಂದು ಅನಾವರಣ ಆದದ್ದು. ಶಿಲ್ಪಿ ಅಲನ್ ಲಿಕ್ವಾಯರ್. ಐವರಲ್ಲಿ ಡಡ್ಲಿ, ವೈಟ್, ಕ್ಯಾಟ್, ಪಿಯರ್ಸ್ ಬಗ್ಗೆ ಮೇಲೆ ಹೇಳಿದ್ದೇನೆ. ಐದನೆಯವರು ಚಟನೂಗಾದ ಆ್ಯಬಿ ಕ್ರಾಫರ್ಡ್ ಮಿಲ್ಟನ್. ಫೆಬ್ ಬರ್ನ್ ಅವರ ಪತ್ರ ನಾಕ್ಸ್‌ವಿಲ್‌ನ ಸಾರ್ವಜನಿಕ ಗ್ರಂಥಾಲಯದ ಸಂಗ್ರಹದಲ್ಲಿದೆ. ತಾಯಿ ಮಗನ ಪ್ರತಿಮೆಯೂ ಅದೇ ಊರಲ್ಲಿದೆ. ಜೋಸೆಫೀನ್ ಪಿಯರ್ಸನ್ ಅವರ ಕಾಗದಪತ್ರಗಳು ನ್ಯಾಶ್‌ವಿಲ್‌ನ ರಾಜ್ಯ ಗ್ರಂಥಾಲಯದಲ್ಲಿವೆ. ಮಗಳಿಗೆ ಬಿಡುವಿದ್ದರೆ ಎರಡನ್ನೂ ನೋಡಿ ಬರಲಿ. ಪಿಯರ್ಸನ್ ಅವರದ್ದನ್ನೇ ಮೊದಲು ನೋಡಲಿ ಅಂತ ನನ್ನ ಆಸೆ.